ಸೈನಿಕನ ಬದುಕು: ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ಸೇನೆಗೆ ಕಳುಹಿಸಿರುವ ಮನೆಗಳಿಗೆ ಮತ್ತು ಸೇರಬೇಕೆಂದು ಕಾಲುವೆ ದಂಡೆಯ ಮೇಲೆ ದಿನಾ ಓಡುತ್ತಿರುವ ಹುಡುಗರಿಗೆ ಈ ಪುಟ. ಬರೆದಿರುವವನು ಕಾಲಾಳು ಪಡೆಯಲ್ಲಿ ಸೇವೆ ಮುಗಿಸಿ ಊರಿಗೆ ಮರಳಿದವನು. ಅರ್ಜಿ ತುಂಬಿಸಲೆಂದೋ ಪಿಂಚಣಿಯ ಕಾಗದ ತೋರಿಸಲೆಂದೋ ಬರುವ ತಂದೆ ತಾಯಿಗಳು ಎದ್ದು ಹೋಗುವ ಮುಂಚೆ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇವೇ. ಸೈನಿಕನ ಬದುಕಿನಲ್ಲಿ ಗುಂಡು ಹಾರುವ ಗಳಿಗೆಗಳು ಕಡಿಮೆ. ಕಾಯುವ, ಹೊರುವ, ನಿದ್ದೆಗೆಡುವ ದಿನಗಳೇ ಹೆಚ್ಚು. ಟಿ.ವಿ. ತೋರಿಸುವುದು ಮೊದಲನೆಯದನ್ನು ಮಾತ್ರವಾದ್ದರಿಂದ ಇಲ್ಲಿ ಎರಡನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಪ್ರಶ್ನೆ: ಭರ್ತಿಗೆ ಈಗ ಮೊದಲು ಓಡಬೇಕೋ, ಪರೀಕ್ಷೆ ಬರೆಯಬೇಕೋ?

2023ರಿಂದ ಕ್ರಮ ತಿರುವುಮುರುವಾಗಿದೆ. ಮೊದಲು ಕಂಪ್ಯೂಟರ್ ಮೇಲೆ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತದೆ, ಅದರಲ್ಲಿ ಆಯ್ಕೆಯಾದವರನ್ನು ಮಾತ್ರ ರ‍್ಯಾಲಿಗೆ ಕರೆಯುತ್ತಾರೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ, ಬೀಮ್, 9 ಅಡಿ ಗುಂಡಿಯ ಜಿಗಿತ, ಸಮತೋಲನದ ನಡಿಗೆ, ಬಳಿಕ ವೈದ್ಯಕೀಯ ತಪಾಸಣೆ ಇರುತ್ತವೆ. ಬೀಮ್ ಮೇಲೆ ಹತ್ತು ಸಲ ಮೈ ಎತ್ತಿದರೆ ಪೂರ್ತಿ 40 ಅಂಕ. ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳು ಬೆಳಗಾವಿಯ ಸೇನಾ ಭರ್ತಿ ಕಚೇರಿಗೆ ಸೇರುತ್ತವೆ, ಬಳ್ಳಾರಿ ಬೆಂಗಳೂರಿನದಕ್ಕೆ. ನಮ್ಮ ಹುಡುಗರು ಓಟದಲ್ಲಿ ಹಿಂದೆ ಬೀಳುವುದು ಅಪರೂಪ. ಅವರಿಗೆ ಪೆಟ್ಟು ಬೀಳುವುದು ಬೀಮ್‌ನಲ್ಲಿ ಮತ್ತು ಪರೀಕ್ಷೆಯ ಗಣಿತದಲ್ಲಿ. ಬೆಳಗಿನ ಓಟಕ್ಕೆ ಕೊಡುವ ಹೊತ್ತಿನ ಅರ್ಧದಷ್ಟನ್ನಾದರೂ ಈ ಎರಡಕ್ಕೆ ಕೊಡಬೇಕು.

ಪ್ರಶ್ನೆ: ತರಬೇತಿಗೆ ಊರಿಗೆ ಹತ್ತಿರ ಹಾಕಿಸಿಕೊಳ್ಳಲು ಆಗುತ್ತದೆಯೇ?

ಆಗುವುದಿಲ್ಲ. ಯಾವ ರೆಜಿಮೆಂಟ್ ಅಥವಾ ಕೋರ್ ಸಿಗುತ್ತದೆಯೋ ಅದರ ಕೇಂದ್ರಕ್ಕೆ ಹೋಗಬೇಕು. ಮರಾಠಾ ಲಘು ಪದಾತಿ ದಳವಾದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಎಂಜಿನಿಯರ್ ಗ್ರೂಪ್ ಆದರೆ ಬೆಂಗಳೂರು, ತೋಪುಪಡೆಯಾದರೆ ನಾಸಿಕ್ ಅಥವಾ ಹೈದರಾಬಾದ್, ಸಿಗ್ನಲ್ಸ್ ಆದರೆ ಜಬಲ್ಪುರ ಅಥವಾ ಗೋವಾ. ಇದನ್ನು ಬದಲಾಯಿಸಿಕೊಡುತ್ತೇನೆಂದು ದುಡ್ಡು ಕೇಳುವವನು ದಲ್ಲಾಳಿ. ಅವನ ಕೈಯಲ್ಲಿ ಏನೂ ಇಲ್ಲ.

ಪ್ರಶ್ನೆ: ತರಬೇತಿಯ ದಿನ ಹೇಗಿರುತ್ತದೆ? ಮಗ ಫೋನಿನಲ್ಲಿ "ಆರಾಮ ಇದ್ದೀನಿ" ಎನ್ನುವುದನ್ನು ಬಿಟ್ಟು ಏನೂ ಹೇಳುವುದಿಲ್ಲ.

ನಾಲ್ಕು ವರ್ಷದ ಸೇವೆಗೆ ಸೇರುವ ಅಗ್ನಿವೀರರಿಗೆ ಸುಮಾರು ಆರು ತಿಂಗಳ ತರಬೇತಿ. ಹೊತ್ತು ಮೂಡುವುದಕ್ಕೆ ಬಹಳ ಮುಂಚೆಯೇ ಬ್ಯಾರಕ್ ಎದ್ದಿರುತ್ತದೆ. ಗಡ್ಡ ಹೆರೆದು, ಕಂಬಳಿಯನ್ನು ಪೆಟ್ಟಿಗೆಯ ಹಾಗೆ ಮಡಿಸಿ, ಮಂಚದ ಕೆಳಗೆ ಬೂಟುಗಳನ್ನು ಒಂದೇ ಗೆರೆಯಲ್ಲಿಟ್ಟು ಹೊರಗೆ ಫಾಲ್ ಇನ್ ಆಗಬೇಕು. ಆಮೇಲೆ ಪಿ.ಟಿ., ತಿಂಡಿ, ಡ್ರಿಲ್, ಆಯುಧದ ಪಾಠ, ನಕಾಶೆ ಓದುವುದು, ಸಂಜೆ ಆಟ, ರಾತ್ರಿ ರೋಲ್ ಕಾಲ್. ಮಲಗುವ ಮುಂಚೆ ಮಾರನೆಯ ದಿನದ ಬೂಟಿಗೆ ಪಾಲಿಶ್ ಹೊಡೆಯಬೇಕು. ಸರದಿ ಬಂದರೆ ನಡುರಾತ್ರಿ ಎದ್ದು ಸಂತರಿಯಾಗಿ ನಿಲ್ಲಬೇಕು. ಮೊದಲ ವಾರಗಳಲ್ಲಿ ಹುಡುಗನಿಗೆ ಹಸಿವು, ನಿದ್ದೆ ಎರಡೇ ನೆನಪಿರುತ್ತವೆ. ಹೇಳುವುದಕ್ಕೆ ಏನೂ ಇಲ್ಲವೆಂದು ಅವನು ಮೌನವಾಗಿರುವುದಲ್ಲ, ಹೇಳುವಷ್ಟು ಎಚ್ಚರ ಉಳಿದಿರುವುದಿಲ್ಲ.

ಮೊದಲು ಪೆಟ್ಟು ತಿನ್ನುವುದು ಪಾದ. ಚಪ್ಪಲಿಯಲ್ಲಿ, ಬರಿಗಾಲಿನಲ್ಲಿ ಬೆಳೆದ ಕಾಲನ್ನು ಗಟ್ಟಿ ಅಟ್ಟೆಯ ಬೂಟಿನೊಳಗೆ ತುಂಬಿ ಗಂಟೆಗಟ್ಟಲೆ ಕುಟ್ಟಿದಾಗ ಹಿಮ್ಮಡಿಯಲ್ಲೂ ಹೆಬ್ಬೆರಳ ಬದಿಯಲ್ಲೂ ಬೊಬ್ಬೆ ಏಳುತ್ತವೆ, ಒಡೆದು ಕಾಲುಚೀಲಕ್ಕೆ ಅಂಟಿಕೊಳ್ಳುತ್ತವೆ. ಸಂಜೆ ತರಬೇತಿ ಕೊಡುವ ಉಸ್ತಾದ್ ಬಂದು ಮಂಚದ ಅಂಚಿಗೆ ಕೂರಿಸಿ ಎಲ್ಲರ ಪಾದ ನೋಡುತ್ತಾರೆ. ಹಗಲೆಲ್ಲ ಬೈದ ಅದೇ ಮನುಷ್ಯ ಬೆರಳ ಸಂದಿಯಲ್ಲಿ ಪೌಡರ್ ಹಾಕುವುದು ಹೇಗೆ, ಕಾಲುಚೀಲದ ಮಡಿಕೆ ಬಿಡಿಸಿ ಹಾಕಿಕೊಳ್ಳುವುದು ಹೇಗೆ ಎಂದು ತೋರಿಸಿಕೊಡುತ್ತಾರೆ. ನಡೆಯಲಾರದ ಸೈನಿಕ ತನ್ನ ಜೊತೆಗೆ ಇನ್ನಿಬ್ಬರನ್ನು ನಿಲ್ಲಿಸುತ್ತಾನೆ ಎಂಬುದು ಅಲ್ಲಿ ಕಲಿಯುವ ಮೊದಲ ಪಾಠ.

ಫೈರಿಂಗ್ ರೇಂಜಿನ ದಿನವೂ ಮನೆಯವರು ಎಣಿಸಿದಂತೆ ಇರುವುದಿಲ್ಲ. ಗುಂಡು ಹೊಡೆಯುವುದು ಕೆಲವೇ ನಿಮಿಷ. ಉಳಿದದ್ದು ಸರದಿಗೆ ಕಾಯುವುದು, ಗುರಿಹಲಗೆ ಹೊರುವುದು, ಕೊನೆಗೆ ಖಾಲಿ ಖೋಕಾ ಹುಡುಕುವುದು. ಹಾರಿಸಿದ ಪ್ರತಿ ಗುಂಡಿನ ಖಾಲಿ ಕವಚವನ್ನು ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆ ಬಿದ್ದರೂ ಇಡೀ ತುಕಡಿ ಮಂಡಿಯೂರಿ, ಅದು ಸಿಗುವ ತನಕ ಹುಲ್ಲಿನಲ್ಲಿ ಬೆರಳಾಡಿಸುತ್ತದೆ.

ಪ್ರಶ್ನೆ: "ರಗಡಾ" ಎಂದರೆ ಹೊಡೆಯುವುದೇ?

ಹೊಡೆಯುವುದಲ್ಲ. ತಪ್ಪಿಗೆ ಹೆಚ್ಚುವರಿ ಓಟ, ಪಿಟ್ಟು (ಬೆನ್ನಚೀಲ) ಹೊತ್ತು ನಿಲ್ಲುವುದು, ಮುಂಗೈ ಊರಿ ತೆವಳುವುದು ಇತ್ಯಾದಿ ಮೈ ದಣಿಸುವ ಶಿಕ್ಷೆಗೆ ಹಾಗೆನ್ನುತ್ತಾರೆ. ಒಬ್ಬನ ತಪ್ಪಿಗೆ ಹತ್ತು ಜನ ಬೆವರು ಸುರಿಸುವುದೂ ಉಂಟು. ಕೈ ಮಾಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ; ಹಾಗೆ ನಡೆದರೆ ಕಂಪನಿ ಕಮಾಂಡರ್ ಮುಂದೆ ಹೇಳಿಕೊಳ್ಳುವ ಹಕ್ಕು ರಿಕ್ರೂಟ್‌ಗೂ ಇದೆ. ತರಬೇತಿ ಕಠಿಣವಾಗಿರಬೇಕು ಎನ್ನುವವನು ನಾನೂ ಹೌದು, ಆದರೆ ಕಠಿಣತೆಯ ಹೆಸರಿನಲ್ಲಿ ನಡೆಯುವ ಅವಮಾನದಿಂದ ಒಳ್ಳೆಯ ಸೈನಿಕ ತಯಾರಾದದ್ದನ್ನು ಕಂಡಿಲ್ಲ.

ಪ್ರಶ್ನೆ: ಹಿಂದಿ ಬಾರದಿದ್ದರೆ ಕಷ್ಟವಾಗುತ್ತದೆಯೇ?

ಮೊದಲ ತಿಂಗಳು ಆಗುತ್ತದೆ, ಆಮೇಲೆ ಇಲ್ಲ. ಈ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ದಖನಿ ಉರ್ದು ಇಂದಿಗೂ ಸಂತೆಯ ಮಾತು. ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿ ತೆಲುಗು ಮನೆಮಾತಿನಷ್ಟೇ ಬಳಕೆಯಲ್ಲಿದೆ. ಮೂರು ಭಾಷೆಗಳನ್ನು ಕಿವಿಯಲ್ಲಿಟ್ಟುಕೊಂಡು ಬೆಳೆದ ಹುಡುಗ ಬ್ಯಾರಕಿನ ಹಿಂದಿಯನ್ನು ಬೇಗ ಹಿಡಿಯುತ್ತಾನೆ.

ಪ್ರಶ್ನೆ: ಆಗದಿದ್ದರೆ ನಡುವೆ ಬಿಟ್ಟು ಬರಬಹುದೇ?

ಅಗ್ನಿವೀರನು ತಾನಾಗಿ ಕೇಳಿ ನಾಲ್ಕು ವರ್ಷ ಮುಗಿಯುವ ಮುಂಚೆ ಹೊರಬರಲು ನಿಯಮ ಒಪ್ಪುವುದಿಲ್ಲ; ತೀರಾ ಅಸಾಧಾರಣ ಸಂದರ್ಭದಲ್ಲಿ ಮೇಲಧಿಕಾರಿಯ ಮಂಜೂರಾತಿ ಬೇಕು. ಹೇಳದೆ ಓಡಿ ಬರುವುದು ಅಪರಾಧ. ಹಾಗೆ ಬಂದವನನ್ನು ಮನೆಯಲ್ಲಿ ಅಡಗಿಸಿಡುವುದರಿಂದ ಅವನಿಗೇ ಕೇಡು. ಕೂಡಲೇ ಘಟಕಕ್ಕೆ ಫೋನ್ ಮಾಡಿ ಹಿಂದಕ್ಕೆ ಕಳುಹಿಸಬೇಕು.

ಪ್ರಶ್ನೆ: ಕಸಂ ಪರೇಡ್ (ತರಬೇತಿಯ ಕೊನೆಯ ಪ್ರಮಾಣವಚನ) ಮುಗಿಯಿತು. ಇನ್ನು ನೇರವಾಗಿ ಗಡಿಗೇ ಕಳುಹಿಸುತ್ತಾರೆಯೇ?

ರಿಕ್ರೂಟ್ ತನ್ನ ಪಲಟಣ (ಬೆಟಾಲಿಯನ್) ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾನೆ. ಪಲಟಣಗಳು ಸರದಿಯ ಮೇಲೆ ಎರಡು ಮೂರು ವರ್ಷ ಫೀಲ್ಡ್‌ನಲ್ಲೂ ಮತ್ತೆ ಅಷ್ಟೇ ಕಾಲ ಪೀಸ್ ಸ್ಟೇಷನ್‌ನಲ್ಲೂ ಇರುತ್ತವೆ. ಫೀಲ್ಡ್ ಎಂದರೆ ಗಡಿ, ಎತ್ತರದ ಪ್ರದೇಶ ಅಥವಾ ಉಗ್ರರ ಹಾವಳಿಯಿರುವ ಸೀಮೆ. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಫೀಲ್ಡ್‌ಗೆ ಹೋಗುವ ಮುಂಚೆ ಆ ಪ್ರದೇಶಕ್ಕೆ ತಕ್ಕ ಬೇರೆ ತರಬೇತಿ ಇರುತ್ತದೆ. ಪೀಸ್ ಎಂದರೆ ಒಳನಾಡಿನ ದಂಡು ಪ್ರದೇಶ, ಆದರೆ ವಿಶ್ರಾಂತಿ ಎಂದು ತಿಳಿಯಬಾರದು; ಯುದ್ಧಾಭ್ಯಾಸ, ಗಾರ್ಡ್, ಕೋರ್ಸು, ಪ್ರವಾಹ ಬಂದರೆ ರಕ್ಷಣಾ ಕಾರ್ಯ ಎಲ್ಲವೂ ಅಲ್ಲಿಂದಲೇ.

ಪ್ರಶ್ನೆ: 45 ಡಿಗ್ರಿ ಬಿಸಿಲಿನಲ್ಲಿ ಬೆಳೆದವರು ಸಿಯಾಚಿನ್, ಲಡಾಖ್‌ನ ಹಿಮದಲ್ಲಿ ಹೇಗೆ ತಡೆದುಕೊಳ್ಳುತ್ತಾರೆ?

ಇದು ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ. ಶತ್ರುಗಳಲ್ಲಿ ಚಳಿ ಎರಡನೆಯದು, ಮೊದಲನೆಯದು ತೆಳುಗಾಳಿ. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ, ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಎಲ್ಲಿಂದ ಬಂದವನೇ ಆಗಲಿ, ನೇರವಾಗಿ ಮೇಲೆ ಹೋದರೆ ಶ್ವಾಸಕೋಶದಲ್ಲಿ ಅಥವಾ ಮಿದುಳಿನಲ್ಲಿ ನೀರು ತುಂಬಿ ಒಂದೆರಡು ದಿನದಲ್ಲಿ ಸಾಯಬಹುದು. ಆದ್ದರಿಂದ ಮೈ ಒಗ್ಗಿಸುವ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ: 9,000ದಿಂದ 12,000 ಅಡಿಯಲ್ಲಿ ಆರು ದಿನ, 12,000ದಿಂದ 15,000 ಅಡಿಯಲ್ಲಿ ನಾಲ್ಕು ದಿನ, ಅದಕ್ಕೂ ಮೇಲೆ ಇನ್ನೂ ನಾಲ್ಕು ದಿನ. ಮೊದಲೆರಡು ದಿನ ವಿಶ್ರಾಂತಿ, ಆಮೇಲೆ ಸಣ್ಣ ನಡಿಗೆ, ಆಮೇಲೆ ಹೊರೆ ಹೊತ್ತ ನಡಿಗೆ. ರಜೆ ಮುಗಿಸಿ ಹೋದವನೂ ಮತ್ತೆ ಒಗ್ಗಿಸಿಕೊಳ್ಳಬೇಕಾಗುತ್ತದೆ. "ರಜೆ ಮುಗಿದು ಹದಿನೈದು ದಿನವಾದರೂ ಪೋಸ್ಟಿಗೆ ಸೇರಿಲ್ಲವಂತೆ" ಎಂದು ಗಾಬರಿಯಾಗುವ ಮನೆಯವರು ಇದನ್ನು ತಿಳಿದಿರಬೇಕು.

ಸಿಯಾಚಿನ್‌ಗೆ ಹೋಗುವವರಿಗೆ ತಳ ಶಿಬಿರದಲ್ಲಿ ಬೇರೆಯೇ ಶಾಲೆ ಇದೆ. ಹಿಮಗೋಡೆ ಹತ್ತುವುದು, ಬಿರುಕಿಗೆ ಬಿದ್ದವನನ್ನು ಹಗ್ಗದಿಂದ ಎಳೆಯುವುದು ಅಲ್ಲಿ ಕಲಿಸುತ್ತಾರೆ. ಹಿಮನದಿಯ ಮೇಲೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಸಾಲಾಗಿ, ಹಿಮ ಗಟ್ಟಿಯಾಗಿರುವ ರಾತ್ರಿಯಲ್ಲಿ ಅಥವಾ ನಸುಕಿನಲ್ಲಿ ನಡೆಯುತ್ತಾರೆ. ಮೇಲಿನ ಪೋಸ್ಟಿನಲ್ಲಿ ತಾಪಮಾನ ಸೊನ್ನೆಗಿಂತ 50 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಕುಡಿಯುವ ನೀರು ಬೇಕೆಂದರೆ ಸೀಮೆಎಣ್ಣೆ ಒಲೆಯ ಮೇಲೆ ಹಿಮ ಕರಗಿಸಬೇಕು. ಆ ಎತ್ತರದಲ್ಲಿ ಊಟ ಸೇರುವುದಿಲ್ಲ, ನಿದ್ದೆ ತುಂಡು ತುಂಡಾಗುತ್ತದೆ, ಮಾತು ಮರೆಯುತ್ತದೆ. ಕೈಗವಸು ಬಿಚ್ಚಿ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ಬೆವರಿದ ಕಾಲುಚೀಲವನ್ನು ಬದಲಾಯಿಸದೆ ಸೋಮಾರಿತನ ಮಾಡಿದವನು ಬೆರಳು ಕಳೆದುಕೊಳ್ಳುತ್ತಾನೆ. ತರಬೇತಿ ಕೇಂದ್ರದ ಉಸ್ತಾದ್ ಪಾದ ನೋಡುತ್ತಿದ್ದುದು ಏಕೆಂದು ಅಲ್ಲಿ ಅರ್ಥವಾಗುತ್ತದೆ.

2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮಕುಸಿತವಾಗಿ 19 ಮದ್ರಾಸ್ ಪಲಟಣದ ಹತ್ತು ಮಂದಿ ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ಸಿಕ್ಕಿ, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂದಿನಿಂದ ಉತ್ತರ ಕರ್ನಾಟಕದ ಪ್ರತಿ ತಾಯಿಗೂ ಸಿಯಾಚಿನ್ ಎಂಬ ಹೆಸರು ಗೊತ್ತು. ಅಲ್ಲಿ 1984ರ ಏಪ್ರಿಲ್‌ನಲ್ಲಿ ಹಿಮನದಿಯನ್ನು ವಶಪಡಿಸಿಕೊಳ್ಳುವ ಆಪರೇಷನ್ ಮೇಘದೂತ್ ಆರಂಭವಾದಂದಿನಿಂದ ಗುಂಡಿಗಿಂತ ಹವೆಯೇ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡಿದೆ.

ಪ್ರಶ್ನೆ: ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ದಾನೆ. ದಿನಾ ಗುಂಡಿನ ಚಕಮಕಿ ಇರುತ್ತದೆಯೇ?

ಇರುವುದಿಲ್ಲ. 1990ರಲ್ಲಿ ಕಟ್ಟಿದ ಈ ಪಡೆಗೆ ಬೇರೆ ಬೇರೆ ರೆಜಿಮೆಂಟುಗಳಿಂದ ಸೈನಿಕರು ಎರಡು ಎರಡೂವರೆ ವರ್ಷಕ್ಕೆ ಬಂದು ಹೋಗುತ್ತಾರೆ. ಹೋಗುವ ಮುಂಚೆ ಬ್ಯಾಟಲ್ ಸ್ಕೂಲಿನಲ್ಲಿ ಮನೆಯೊಳಗೆ ನುಗ್ಗುವುದು, ನೆಲಬಾಂಬು ಗುರುತಿಸುವುದು, ಜನರ ನಡುವೆ ಗುಂಡು ಹಾರಿಸದೆ ತಡೆದುಕೊಳ್ಳುವುದು ಕಲಿಸುತ್ತಾರೆ. ಕೊನೆಯದೇ ಎಲ್ಲಕ್ಕಿಂತ ಕಷ್ಟ. ದಿನದ ಕೆಲಸ ಬಹುತೇಕ ರಸ್ತೆ ತೆರೆಯುವುದು. ಕಾನ್ವಾಯ್ ಹೊರಡುವ ಮುಂಚೆ ಒಂದು ತುಕಡಿ ರಸ್ತೆಯ ಎರಡೂ ಬದಿಯಲ್ಲಿ ಮೋರಿ, ಕಲ್ಲುರಾಶಿ, ಹೊಸದಾಗಿ ಅಗೆದ ಮಣ್ಣು ಎಲ್ಲವನ್ನೂ ನೋಡುತ್ತಾ ನಡೆಯುತ್ತದೆ, ಆಮೇಲೆ ಸಂಜೆಯವರೆಗೆ ಅಲ್ಲೇ ನಿಲ್ಲುತ್ತದೆ. ನಿನ್ನೆ ಏನೂ ಸಿಗಲಿಲ್ಲ, ಮೊನ್ನೆಯೂ ಸಿಗಲಿಲ್ಲ. ಆದರೂ ಇಂದು ಮೊದಲ ದಿನದ ಕಣ್ಣಿನಿಂದಲೇ ನೋಡಬೇಕು. ಸುಮಾರು ಹತ್ತು ಕಿಲೋ ತೂಕದ ಗುಂಡುನಿರೋಧಕ ಜಾಕೆಟ್ ಹೊತ್ತು ಈ ಎಚ್ಚರವನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುವುದೇ ದೊಡ್ಡ ಶ್ರಮ. ಸುಳಿವು ಸಿಕ್ಕಾಗ ನಡುರಾತ್ರಿ ಊರನ್ನು ಸುತ್ತುವರಿದು ಬೆಳಗಿನವರೆಗೆ ಒಂದೇ ಕಡೆ ಅಲುಗಾಡದೆ ಕೂರುವುದೂ ಉಂಟು. ಹೆಚ್ಚಿನ ಸಲ ಬರಿಗೈಯಲ್ಲಿ ಮರಳುತ್ತಾರೆ.

ಪ್ರಶ್ನೆ: ನಿಜವಾದ ಕಾಳಗದಲ್ಲಿ ಮನುಷ್ಯನಿಗೆ ಏನಾಗುತ್ತದೆ?

ಹೆದರಿಕೆಯಾಗುತ್ತದೆ, ಆಗಲಿಲ್ಲ ಎನ್ನುವವನ ಮಾತನ್ನು ನಾನು ನಂಬುವುದಿಲ್ಲ. ಬಾಯಿ ಒಣಗುತ್ತದೆ, ಎದೆ ಬಡಿತ ಕಿವಿಗೆ ಕೇಳಿಸುತ್ತದೆ, ಕಣ್ಣು ಒಂದೇ ಬಿಂದುವಿನ ಮೇಲೆ ನಿಂತು ಅಕ್ಕಪಕ್ಕದ್ದು ಮರೆಯಾಗುತ್ತದೆ, ಕೆಲವರಿಗೆ ತಮ್ಮದೇ ಬಂದೂಕಿನ ಸದ್ದು ಕೇಳಿಸುವುದಿಲ್ಲ. ಯೋಚಿಸಲು ವ್ಯವಧಾನವಿಲ್ಲದ ಆ ಹೊತ್ತಿನಲ್ಲಿ ಸಾವಿರ ಸಲ ಮಾಡಿದ ಕೆಲಸವನ್ನು ಕೈ ತಾನಾಗಿ ಮಾಡುತ್ತದೆ: ಮ್ಯಾಗಜೀನ್ ಬದಲಾಯಿಸುವುದು, ಮರೆಗೆ ಸರಿಯುವುದು, ಪಕ್ಕದವನನ್ನು ಕೂಗುವುದು. ಬೇಸರ ಬರುವಷ್ಟು ಅಭ್ಯಾಸ ಮಾಡಿಸಿದ್ದು ಇದಕ್ಕೇ. ನಡುಕ, ವಾಂತಿ, ಅಳು, ಕಾರಣವಿಲ್ಲದ ನಗು ಬರುವುದು ಎಲ್ಲ ಮುಗಿದ ಮೇಲೆ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿರುವುದು ದೊಡ್ಡ ಮಾತುಗಳಲ್ಲ. ಎಡಕ್ಕಿರುವವನು ನನ್ನನ್ನು ನಂಬಿದ್ದಾನೆ, ನಾನು ಅವನನ್ನು ನಂಬಿದ್ದೇನೆ ಎಂಬಷ್ಟೇ.

ಕಾಳಗದ ರೂಪವೂ ಒಂದೇ ಅಲ್ಲ. 1999ರ ಕಾರ್ಗಿಲ್‌ನಲ್ಲಿ ತೋಲೋಲಿಂಗ್, ಟೈಗರ್ ಹಿಲ್‌ನಂಥ ಬೆಟ್ಟಗಳನ್ನು ಶತ್ರು ಮೇಲಿಂದ ನೋಡುತ್ತಿರುವಾಗ, ರಾತ್ರಿ ಹೊತ್ತು, ಬೆನ್ನ ಮೇಲೆ ಮದ್ದುಗುಂಡು ಹೊತ್ತು ಹತ್ತಬೇಕಾಯಿತು. ಆ ಯುದ್ಧದಲ್ಲಿ 527 ಸೈನಿಕರು ಮಡಿದರು. 2020ರ ಜೂನ್ 15ರ ರಾತ್ರಿ ಲಡಾಖ್‌ನ ಚೀನಾ ಗಡಿಯ ಗಾಲ್ವಾನ್‌ನಲ್ಲಿ ನಮ್ಮ 20 ಮಂದಿ ಸತ್ತದ್ದು ಗುಂಡಿನಿಂದಲ್ಲ. ಗಡಿರೇಖೆಯ ಬಳಿ ಗುಂಡು ಹಾರಿಸಬಾರದೆಂಬ ಒಪ್ಪಂದವಿದ್ದುದರಿಂದ ಕಲ್ಲು, ಬಡಿಗೆ, ಮೊಳೆ ಹೊಡೆದ ದೊಣ್ಣೆಗಳ ಹೊಡೆದಾಟ ಅದು. 2025ರ ಮೇ 7ರಂದು ಆರಂಭವಾದ ಆಪರೇಷನ್ ಸಿಂಧೂರದ ಬಳಿಕದ ರಾತ್ರಿಗಳಲ್ಲಿ ಆಕಾಶದ ತುಂಬ ಡ್ರೋನ್‌ಗಳು. ಶತ್ರುವಿನ ಮುಖವೇ ಕಾಣದೆ, ಗುಂಯ್ ಎನ್ನುವ ಸದ್ದಿಗೆ ಕಿವಿಗೊಟ್ಟು ಕತ್ತಲಲ್ಲಿ ಕೂತಿರುವುದು ಹೊಸ ತಲೆಮಾರಿನ ಸೈನಿಕನ ಪಾಲಿಗೆ ಬಂದಿರುವ ಅನುಭವ.

ಪ್ರಶ್ನೆ: ಗಾಯವಾದರೆ ಏನು ಮಾಡುತ್ತಾರೆ?

ಮೊದಲ ಚಿಕಿತ್ಸೆ ಪಕ್ಕದ ಜೊತೆಗಾರನದು. ರಕ್ತ ನಿಲ್ಲುವಂತೆ ಬಿಗಿಪಟ್ಟಿ ಕಟ್ಟುವುದು, ಉಸಿರಿನ ದಾರಿ ನೋಡುವುದು ಪ್ರತಿಯೊಬ್ಬನಿಗೂ ಕಲಿಸಿರುತ್ತಾರೆ. ಅಲ್ಲಿಂದ ಪಲಟಣದ ವೈದ್ಯರ ಬಳಿಗೆ, ಫೀಲ್ಡ್ ಆಸ್ಪತ್ರೆಗೆ, ಅಗತ್ಯವಿದ್ದರೆ ಹೆಲಿಕಾಪ್ಟರಿನಲ್ಲಿ ಶ್ರೀನಗರ, ಉಧಂಪುರ ಅಥವಾ ದೆಹಲಿಗೆ. ಕೈಕಾಲು ಕಳೆದುಕೊಂಡವರಿಗೆ ಪುಣೆಯಲ್ಲಿ ಕೃತಕ ಅಂಗ ಕೇಂದ್ರವಿದೆ, ಬೆನ್ನುಹುರಿ ಪೆಟ್ಟಾದವರಿಗೆ ಅಲ್ಲೇ ಖಡ್ಕಿಯಲ್ಲಿ ಪುನರ್ವಸತಿ ಕೇಂದ್ರವಿದೆ.

ಪ್ರಶ್ನೆ: ಹಲವು ದಿನ ಫೋನ್ ಬಾರದಿದ್ದರೆ ಏನೆಂದು ತಿಳಿಯಬೇಕು?

ಹೆಚ್ಚಿನ ಸಲ ಸಿಗ್ನಲ್ ಇಲ್ಲ ಅಥವಾ ಫೋನ್ ಜಮಾ ಮಾಡಿಸಿಕೊಂಡಿದ್ದಾರೆ ಎಂದಷ್ಟೇ ಅರ್ಥ. ಅವಘಡವಾದರೆ ಸುದ್ದಿ ಘಟಕದಿಂದಲೇ ಬರುತ್ತದೆ, ವಾಟ್ಸ್ಆ್ಯಪ್ ಗುಂಪಿನಿಂದಲ್ಲ. ಅವನ ಘಟಕದ ಹೆಸರು, ಸೇನಾ ಸಂಖ್ಯೆ, "56 ಎ.ಪಿ.ಒ." ಅಥವಾ "99 ಎ.ಪಿ.ಒ." ಎಂದು ಮುಗಿಯುವ ಸೇನಾ ಅಂಚೆ ವಿಳಾಸ, ಕಂಪನಿಯ ಫೋನ್ ಸಂಖ್ಯೆ ಇಷ್ಟನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅವನೆಲ್ಲಿದ್ದಾನೆ, ಎಂದು ಹೊರಡುತ್ತಾನೆ ಎಂಬುದನ್ನು ಸ್ಟೇಟಸ್‌ಗೆ ಹಾಕಬೇಡಿ. 2020ರ ಜುಲೈಯಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆಯಲು ಸೈನಿಕರಿಗೆ ಹೇಳಿದ್ದು ಸುಮ್ಮನಲ್ಲ. ಮಗ ಪಾಲಿಸಿದ್ದನ್ನು ಊರಿನ ತಮ್ಮ ಮುರಿದರೆ ಪರಿಣಾಮ ಒಂದೇ.

ಪ್ರಶ್ನೆ: ರಜೆಗೆ ಬಂದವನು ಮೊದಲಿನ ಹಾಗಿಲ್ಲ. ಏನು ಮಾಡಬೇಕು?

ಮೊದಲ ವಾರ ಅವನನ್ನು ಅವನ ಪಾಡಿಗೆ ಬಿಡಿ. ಗವಿಮಠದ ಜಾತ್ರೆಯ ಜನಜಂಗುಳಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಮದುವೆಯ ಪಟಾಕಿಗೆ ಬೆಚ್ಚುವುದು, ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ಓಡಾಡುವುದು ಫೀಲ್ಡ್‌ನಿಂದ ಬಂದವರಲ್ಲಿ ಸಾಮಾನ್ಯ. ದಿನ ಕಳೆದಂತೆ ಕಡಿಮೆಯಾಗುತ್ತದೆ. ಕಟ್ಟೆಯ ಮೇಲೆ ಕೂತವರು "ಎಷ್ಟು ಮಂದಿನ್ನ ಹೊಡದೀಪಾ?" ಎಂದು ಕೇಳುವುದನ್ನು ಮನೆಯ ಹಿರಿಯರು ತಡೆಯಬೇಕು. ಲಂಗರ್‌ನಲ್ಲಿ (ಸೇನೆಯ ಅಡುಗೆಮನೆಯಲ್ಲಿ) ಏನು ಮಾಡುತ್ತಾರೆ, ಜೊತೆಗಾರರು ಯಾವ ಊರಿನವರು, ಕಾಲು ಹೇಗಿದೆ ಎಂದು ಕೇಳಿ. ಮಾತು ತಾನಾಗಿ ಬರುತ್ತದೆ, ಬಾರದಿದ್ದರೂ ಸರಿ.

ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಅದೇ ಘಟನೆ ಕಣ್ಣಿಗೆ ಕಟ್ಟಿ ಬೆವರುತ್ತಿದ್ದರೆ, ಕುಡಿತ ಹೆಚ್ಚಿದರೆ, ಸಾಯುವ ಮಾತಾಡಿದರೆ ಅದು ಕಾಯಿಲೆ. ದೆವ್ವ ಬಡಿದಿದೆ ಎಂದು ತಾಯತ ಕಟ್ಟಿಸುವುದರಲ್ಲಿ ಹೊತ್ತು ಕಳೆಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೂ ಅವರ ಮನೆಯವರಿಗೂ 2023ರ ಡಿಸೆಂಬರ್‌ನಿಂದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕವಿದೆ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರು ಇದ್ದಾರೆ.

ಪ್ರಶ್ನೆ: ಅಗ್ನಿವೀರನಿಗೆ ಏನೇನು ಸಿಗುತ್ತದೆ?

ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇ 30ರಷ್ಟನ್ನು ಹಿಡಿದು, ಸರ್ಕಾರ ಅಷ್ಟೇ ಸೇರಿಸಿ, ನಾಲ್ಕು ವರ್ಷದ ಕೊನೆಗೆ ಸುಮಾರು 11.71 ಲಕ್ಷ ಸೇವಾನಿಧಿ ಕೊಡುತ್ತದೆ. ವರ್ಷಕ್ಕೆ 30 ದಿನ ರಜೆ. ಪಿಂಚಣಿ, ಗ್ರಾಚುಟಿ ಇಲ್ಲ. ಗರಿಷ್ಠ ಶೇ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಮಾಡಿಕೊಳ್ಳುತ್ತಾರೆ. ಇದನ್ನು ತಿಳಿಯದೆ ಹೊಲ ಅಡವಿಟ್ಟು ಸಾಲ ಮಾಡುವವರನ್ನು ಕಂಡಿದ್ದೇನೆ. ಸೇವೆಯಲ್ಲಿರುವಾಗ 48 ಲಕ್ಷದ ಜೀವವಿಮೆ ಇದ್ದೇ ಇರುತ್ತದೆ, ಕರ್ತವ್ಯದ ಕಾರಣಕ್ಕೆ ಸತ್ತರೆ ಮೇಲೆ 44 ಲಕ್ಷ ಪರಿಹಾರ. ನಾಮಿನಿಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಸೇನೆಯ ದಾಖಲೆಯಲ್ಲೂ ಇರಬೇಕು. ಹುಲಿಗೆಮ್ಮ ಒಂದು ಕಡೆ, ಹುಲಿಗೆವ್ವ ಇನ್ನೊಂದು ಕಡೆ ಎಂದಾದರೆ ಆ ಒಂದು ಅಕ್ಷರ ಸರಿಪಡಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಪ್ರಶ್ನೆ: ಹೆಣ್ಣುಮಕ್ಕಳು ಸೇರಬಹುದೇ?

ಸಿಪಾಯಿ ದರ್ಜೆಯಲ್ಲಿ ಸೇನಾ ಪೊಲೀಸ್ ಕೋರ್‌ಗೆ ಸೇರಬಹುದು, ತರಬೇತಿ ಬೆಂಗಳೂರಿನಲ್ಲಿ. 83 ಮಂದಿಯ ಮೊದಲ ತಂಡ 2021ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದಿತು.

ಪ್ರಶ್ನೆ: ರಜೆ ಮುಗಿಸಿ ಹೊರಡುವವನಿಗೆ ಏನು ಕಟ್ಟಿಕೊಡಬೇಕು?

ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ದೆಹಲಿಯಲ್ಲಿ ಬದಲಾಯಿಸಿ, ಜಮ್ಮುವಿನ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಕಾದು, ಕಾನ್ವಾಯ್ ಹಿಡಿದು ಹೋಗುವಷ್ಟರಲ್ಲಿ ಎಣ್ಣೆಯ ಪದಾರ್ಥ ಕೆಡುತ್ತದೆ, ಉಪ್ಪಿನಕಾಯಿಯ ಗಾಜಿನ ಬಾಟಲಿ ಒಡೆದು ಯೂನಿಫಾರ್ಮ್ ಹಾಳಾಗುತ್ತದೆ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒತ್ತಾಗಿ ಇಡಿ, ಇಲ್ಲದಿದ್ದರೆ ಪುಡಿಯೇ ತಲುಪುತ್ತದೆ. ಒಂದು ಸೆಕ್ಷನ್‌ನಲ್ಲಿ, ಅಂದರೆ ಕಾಲಾಳು ಪಡೆಯ ಚಿಕ್ಕ ತುಕಡಿಯಲ್ಲಿ, ಹತ್ತು ಮಂದಿ ಇರುತ್ತಾರೆ. ಲೆಕ್ಕ ಹಾಕುವಾಗ ಅವರನ್ನೂ ಸೇರಿಸಿಕೊಳ್ಳಿ.